‘ಸಹಿ ಹಾಕಿಬಿಡ್ರಿ ಮಾಮಾ’ ಅಂದವನು ನಾನೇ

ಕೇಸುಗಳನ್ನು ರಾಜಿಯಲ್ಲಿ ಮುಗಿಸುವ ರಾಷ್ಟ್ರೀಯ ಲೋಕ ಅದಾಲತ್ ನಡೆದ ಮರುದಿನ ಪೇಪರಿನಲ್ಲಿ ಒಂದು ಫೋಟೋ ಗ್ಯಾರಂಟಿ. ಡೈವೋರ್ಸಿಗೆ ಬಂದಿದ್ದ ಗಂಡ-ಹೆಂಡತಿ ನ್ಯಾಯಾಧೀಶರ ಎದುರು ಮತ್ತೆ ಮಾಲೆ ಹಾಕಿಕೊಳ್ಳುತ್ತಿರುತ್ತಾರೆ. ಕೆಳಗೆ ಇಷ್ಟು ಸಾವಿರ ಪ್ರಕರಣ ಇತ್ಯರ್ಥ, ಇಷ್ಟು ಕೋಟಿ ಪರಿಹಾರ. ಆ ಫೋಟೋಕ್ಕೆ ನಾನೂ ಲೈಕ್ ಒತ್ತಿದವನೇ. ಆದರೆ ಆ ಸಾವಿರದೊಳಗೆ ಒಂದು ನಮ್ಮ ಮಾಮಾ ಅವರದು. ಅದರ ಲೆಕ್ಕ ಇವತ್ತು ಬರೀತೀನಿ. ಉದ್ದ ಆಗ್ತದ, ಚಹಾ ಇಟ್ಕೊಂಡು ಕೂಡ್ರಿ.

ಮಾಮಾ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್‌ಮನ್. 1994ರಲ್ಲಿ ಸೇರಿದ್ದು, ಹದಿನಾಲ್ಕು ಮಂದಿ ಕೆಲಸಗಾರರಿದ್ದ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು, ಕ್ಯಾಲೆಂಡರು ಎಲ್ಲ ಅವರ ಕೈಯಿಂದ ಹೊರಬಿದ್ದವು. ಊರಿನ ಎಷ್ಟೋ ಸಂಸ್ಥೆಗಳ ಲೆಟರ್‌ಹೆಡ್ಡೂ ಅವರೇ ಹೊಡೆದದ್ದು. ಅವರ ಹೆಸರಿನದೊಂದು ನೇಮಕಾತಿ ಪತ್ರ ಮಾತ್ರ ಆ ಹತ್ತೊಂಬತ್ತು ವರ್ಷದಲ್ಲಿ ಅಚ್ಚಾಗಲಿಲ್ಲ.

2013ರಲ್ಲಿ ಹೊಸ ಮಷಿನ್ ಬಂತು. ಒಂದು ಸಂಜೆ ಸಾವಕಾರ್ರು ತಿಂಗಳ ಪಗಾರ 9,100 ರೂಪಾಯಿ ಪಾಕೀಟಿನಲ್ಲಿ ಹಾಕಿಕೊಟ್ಟು, ‘ನಾಳಿಂದ ಬರಬ್ಯಾಡ, ಇದಕ್ಕ ಬ್ಯಾರೆ ಹುಡುಗರು ಸಿಕ್ಕಾರ’ ಅಂದರು. ಅಷ್ಟೇ. ಒಂದು ಚೀಟಿಯೂ ಇಲ್ಲ.

1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿದ್ದದ್ದು ಬೇರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಹೆಚ್ಚುವರಿ ಅಂತ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಇಲ್ಲವೇ ಅದರ ಸಂಬಳ, ಮೇಲೆ ವರ್ಷಕ್ಕೆ ಹದಿನೈದು ದಿನದ ವೇತನ. ಲೇಬರ್ ಆಫೀಸಿನಲ್ಲಿ ಸಂಧಾನಕ್ಕೆ ಕರೆದಾಗ ಸಾವಕಾರ್ರು ಬರಲಿಲ್ಲ, ಗುಮಾಸ್ತನ್ನ ಕಳಿಸಿದರು. ‘ಇವರು ನಮ್ಮಲ್ಲಿ ಕಾಯಂ ಇರಲೇ ಇಲ್ರಿ, ಆಗೊಮ್ಮೆ ಈಗೊಮ್ಮೆ ಬರ್ತಿದ್ರು’ ಅಂತ ಅವನ ಮಾತು. ಹತ್ತೊಂಬತ್ತು ವರ್ಷ ಒಂದೇ ಡಬರಿಯ ಚಹಾ ಕುಡಿದ ಮನುಷ್ಯ ಅದನ್ನು ಹೇಳುವಾಗ ಮಾಮಾನ ಮುಖ ನೋಡಲಿಲ್ಲ. ನಲವತ್ತೈದು ದಿನ ಕಳೆದ ಮೇಲೆ ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಬಿತ್ತು.

ಅಲ್ಲಿ ಮೊದಲ ಪ್ರಶ್ನೆ: 240 ದಿನ ದುಡಿದದ್ದಕ್ಕೆ ಸಾಕ್ಷಿ ಏನು? ಹಾಜರಿ ಪುಸ್ತಕ ಯಾರ ಕಪಾಟಿನಲ್ಲಿ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಸಾಬೀತು ಮಾಡುವ ಭಾರ ಕೆಲಸಗಾರನ ಮೇಲೇ. 2002ರ ಹಡಿಮನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರೀ ಅಫಿಡವಿಟ್ಟು ಸಾಲದು ಅಂದಿತ್ತು. 2005ರ ಯಲ್ಲಟ್ಟಿ ಪ್ರಕರಣದಲ್ಲಿ ಸ್ವಲ್ಪ ದಾರಿ ಬಿಟ್ಟಿತು: ಕೆಲಸಗಾರ ಕಟಕಟೆ ಹತ್ತಿ ಸಾಕ್ಷಿ ಹೇಳಲಿ, ಮಾಲೀಕನ ಹತ್ತಿರದ ಮಸ್ಟರ್ ರೋಲು (ಹಾಜರಿ ಪುಸ್ತಕ) ತರಿಸಿ ಅಂತ ಕೇಳಲಿ. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಕೇಸು.

ಮಾಮಾನ ಹತ್ತಿರ ಇದ್ದದ್ದು ಖಂಡೇಪೂಜೆಯ ಫೋಟೋಗಳು. ಪ್ರತಿ ವರ್ಷ ಮಷಿನ್ನಿಗೆ ಕುಂಕುಮ ಹಚ್ಚಿ, ಚಂಡುಹೂವಿನ ಮಾಲೆ ಹಾಕಿ, ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತವು. ಮೊದಲನೆಯದರಲ್ಲಿ ಮೀಸೆ ಕರ್ರಗ, ಕೊನೆಯದರಲ್ಲಿ ಬೆಳ್ಳಗ. ಎದುರಿನ ವಕೀಲರು ಪಾಟೀ ಸವಾಲಿನಲ್ಲಿ ಕೇಳಿದ್ದು ನನಗಿನ್ನೂ ನೆನಪಿದೆ: ‘ಪೂಜೆಗೆ ಓಣಿ ಮಂದಿನೂ ಬರ್ತಾರಲ್ರಿ?’ ಮಾಮಾ ಅಂದರು, ‘ಬರ್ತಾರ್ರೀ. ಆದ್ರ ಓಣಿ ಮಂದಿ ಮಷಿನ್ ಒರಸೂದಿಲ್ಲ.’ ಸ್ಟೆನೋ ಸುದ್ದಾ ನಕ್ಕಳು. ದಾಖಲೆಯಲ್ಲಿ ಮಾತ್ರ ‘ಸಾರ್ವಜನಿಕರು ಬರುವುದು ನಿಜ’ ಅಂತಷ್ಟೇ ಬಂತು.

ಆಮೇಲೆ ಬರೀ ತಾರೀಖು. ಗದಗಿನಿಂದ ಬೆಳಗಿನ ರೈಲು, ಸ್ಟೇಷನ್ನಿನಿಂದ ನಡಿಗೆ, ಹನ್ನೊಂದೂವರೆಗೆ ಪುಕಾರು, ‘ಎದುರಿನವರು ಟೈಮ್ ಕೇಳ್ಯಾರ.’ ಮಧ್ಯಾಹ್ನ ನನ್ನ ಡಿಟಿಪಿ ಅಂಗಡಿಗೆ ಬಂದು ಒಂದು ಪ್ಲೇಟ್ ಗಿರ್ಮಿಟ್ ತಿಂದು ವಾಪಸು. ಆ ದಿನದ ಕೂಲಿಯೂ ಹೋಗುತ್ತಿತ್ತು. ಕಾನೂನು ಸೇವೆಗಳ ಕಾಯ್ದೆಯ ಹನ್ನೆರಡನೇ ಕಲಮಿನ ಪ್ರಕಾರ ಕೈಗಾರಿಕಾ ಕಾರ್ಮಿಕನಿಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ, ಆದಾಯ ಎಷ್ಟು ಅಂತ ಕೇಳುವ ಹಾಗೂ ಇಲ್ಲ. ಇದು ನಮಗೆ ತಿಳಿದದ್ದು ಅತ್ತಿಯ ಬೆಂಡೋಲಿ ಅಡವಿಟ್ಟ ಮೇಲೆ.

2020ರಲ್ಲಿ ಕೇಸು ಲೋಕ ಅದಾಲತ್ತಿಗೆ ಬಂತು. ಸಾವಕಾರ್ರ ಕಡೆಯಿಂದ ಒಂದೂವರೆ ಲಕ್ಷ. ಕಾಗದದಲ್ಲಿ ‘ಪೂರಾ ಲೆಕ್ಕ ಚುಕ್ತಾ, ಮುಂದೆ ಯಾವುದೇ ಹಕ್ಕು ಇರುವುದಿಲ್ಲ.’ ಮಾಮಾ ಪೆನ್ನು ಹಿಡಕೊಂಡು ನನ್ನ ಕಡೆ ನೋಡಿದರು. ‘ಸಹಿ ಹಾಕಿಬಿಡ್ರಿ ಮಾಮಾ, ಇನ್ನ ಎಷ್ಟು ವರ್ಷ ಅಡ್ಡಾಡ್ತೀರಿ’ ಅಂದೆ. ಎಲ್ಲರೂ ಕೈಮುಗಿದರು. ಫೋಟೋನೂ ಆಯ್ತು.

ಒಂದು ವರ್ಷ ಬಿಟ್ಟು ಬೇರೆ ಯಾರೋ ಗಿರಾಕಿ ಗ್ರಾಚ್ಯುಟಿ ಅರ್ಜಿ ಟೈಪ್ ಮಾಡಿಸಲು ಅಂಗಡಿಗೆ ಬಂದರು. ಗ್ರಾಚ್ಯುಟಿ ಅಂದರೆ ವರ್ಷಗಟ್ಟಲೆ ದುಡಿದವನಿಗೆ ಕೆಲಸ ಬಿಡುವಾಗ ಮಾಲೀಕ ಕೊಡಬೇಕಾದ ದುಡ್ಡು. ಕೊನೆಯ ಪಗಾರವನ್ನು 26ರಿಂದ ಭಾಗಿಸು, 15ರಿಂದ ಗುಣಿಸು, ದುಡಿದ ವರ್ಷದಿಂದ ಗುಣಿಸು. ಟೈಪ್ ಮಾಡ್ತಾ ಮಾಡ್ತಾ ನನ್ನ ಕೈ ನಿಂತಿತು. ಮಾಮಾನದು ದಿನಕ್ಕೆ 350. ಹದಿನೈದು ದಿನಕ್ಕೆ 5,250. ಹತ್ತೊಂಬತ್ತು ವರ್ಷಕ್ಕೆ 99,750. ಹತ್ತು ಜನರಿಗಿಂತ ಕಡಿಮೆ ಇಲ್ಲದ ಪ್ರೆಸ್ಸು, ಹೀಗಾಗಿ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯವಾಗುತ್ತಿತ್ತು. ಮೂವತ್ತು ದಿನದೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 10 ಸರಳ ಬಡ್ಡಿ. ಏಳು ವರ್ಷಕ್ಕೆ 69,825. ಎರಡೂ ಕೂಡಿದರೆ 1,69,575.

ಕೆಲಸದಿಂದ ತೆಗೆದದ್ದು ಸರಿಯೋ ತಪ್ಪೋ ಅನ್ನುವ ಪ್ರಶ್ನೆಯನ್ನೇ ಬಿಡಿ. ಹಿಂಬಾಕಿ ಸಂಬಳ, ಮರುನೇಮಕ, ನೋಟಿಸಿನ ದುಡ್ಡು ಎಲ್ಲ ಬಿಡಿ. ಅವರೇ ಖುಷಿಯಿಂದ ರಾಜೀನಾಮೆ ಕೊಟ್ಟಿದ್ದರೂ ಬರಬೇಕಾಗಿದ್ದ ದುಡ್ಡಿಗಿಂತ ರಾಜಿ 19,575 ರೂಪಾಯಿ ಕಡಿಮೆ! ಲೋಕ ಅದಾಲತ್ತಿನ ತೀರ್ಪಿಗೆ ಮೇಲ್ಮನವಿ ಇಲ್ಲ.

ರಾಜಿಯೇ ಬೇಡ ಅಂತಲ್ಲ. ನಮ್ಮಪ್ಪನ ಮನೆಯ ಹೊಲದ ಪಾಲಿನ ದಾವೆ ನವಲಗುಂದದಲ್ಲಿ ಇತ್ತು, ಅಪ್ಪ-ಕಾಕಾ ಒಂದು ಕಡೆ, ಸೋದರತ್ತಿ ಒಂದು ಕಡೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿ ಬಂದ 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಅಂದ ಮೇಲೆ ಕಾಕಾನ ಗಂಟಲು ಇಳಿಯಿತು. ರಾಜಿಯಾಯಿತು, ಚೊಲೋ ಆಯಿತು. ಇಲ್ಲದಿದ್ದರೆ ಪ್ರಿಲಿಮಿನರಿ ಡಿಕ್ರಿ, ಆಮೇಲೆ ಫೈನಲ್ ಡಿಕ್ರಿ, ಆಮೇಲೆ ಅಳತೆ, ಅಷ್ಟರಲ್ಲಿ ಎರಡು ತಲೆ ದಾಟುತ್ತಿತ್ತು. ಅಲ್ಲಿ ಎರಡೂ ಕಡೆಯವರಿಗೆ ಉಣ್ಣಲಿಕ್ಕೆ ಇತ್ತು, ಇಬ್ಬರೂ ಕಾಯಬಲ್ಲವರು. ಮಾಮಾ ಮತ್ತು ಸಾವಕಾರ್ರ ನಡುವೆ ಕಾಯಬಲ್ಲವರು ಒಬ್ಬರೇ. ಒಬ್ಬರಿಗೆ ಪ್ರತಿ ತಾರೀಖು ಲಾಭ, ಇನ್ನೊಬ್ಬರಿಗೆ ಪ್ರತಿ ತಾರೀಖು ಕೂಲಿ ಖೋತಾ. ಇಂಥ ಜಾಗದಲ್ಲಿ ರಾಜಿ ಅಂದರೆ ಸಾವಕಾರರಿಗೆ ಸಿಗುವ ರಿಯಾಯಿತಿ.

‘ಗೆದ್ದವ ಸೋತ, ಸೋತವ ಸತ್ತ’ ಅಂತ ಕಮೆಂಟಿನಲ್ಲಿ ಯಾರಾದರೂ ಬರೆದೇ ಬರೆಯುತ್ತೀರಿ. ಆ ಗಾದೆ ಕೇಳಿ ಹೆದರುವವನು ಮಾತ್ರ ಯಾವಾಗಲೂ ಕೆಲಸಗಾರನೇ ಯಾಕೆ? ಮಾಮಾ ಗೆದ್ದು, ಸಾವಕಾರ್ರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿದ್ದರೆ ಅಂತ ನಾನೂ ಆಗ ಅಂಜಿದ್ದೆ. ಆದರೆ ಮರುನೇಮಕದ ಆದೇಶದ ವಿರುದ್ಧ ಮಾಲೀಕ ಹೈಕೋರ್ಟಿಗೆ ಹೋದರೆ, ಬೇರೆಲ್ಲೂ ಕೆಲಸಕ್ಕಿಲ್ಲದವನಿಗೆ ಕೇಸು ಮುಗಿಯುವತನಕ ಕೊನೆಯ ಸಂಬಳ ಕೊಡುತ್ತಿರಬೇಕು ಅಂತ ಅದೇ ಕೈಗಾರಿಕಾ ವಿವಾದ ಕಾಯ್ದೆಯ 17ಬಿ ಕಲಮು ಹೇಳುತ್ತಿತ್ತು. ಧಾರವಾಡದ ಪೀಠ ಶುರುವಾದ 2008ಕ್ಕಿಂತ ಮೊದಲಾದರೆ ಅದಕ್ಕೂ ಬೆಂಗಳೂರಿನ ರಾತ್ರಿ ಗಾಡಿ ಹತ್ತಬೇಕಿತ್ತು. ಈಗ ಧಾರವಾಡದ ಹತ್ತಿರ ಆ ಪೀಠ ಇರುವ ಬೇಲೂರು ಇಂಡಸ್ಟ್ರಿಯಲ್ ಏರಿಯಾತನಕ ಹೋದರೆ ಸಾಕು.

ಇನ್ನೊಂದು ಮಾತು. ರಾಜಿಯಿಂದ ಮುಂದಿನವನಿಗೆ ಏನೂ ಉಳಿಯುವುದಿಲ್ಲ. ಧಾರವಾಡ ಜಿಲ್ಲೆಯ ಪಿಡಬ್ಲ್ಯೂಡಿ ದಿನಗೂಲಿ ನೌಕರರು ಹಠ ಹಿಡಿದು ದಿಲ್ಲಿಯ ಸುಪ್ರೀಂ ಕೋರ್ಟಿನತನಕ ಹೋದದ್ದರಿಂದ 1990ರಲ್ಲಿ ಹಂತಹಂತವಾಗಿ ಕಾಯಂ ಮಾಡುವ ಆದೇಶ ಬಂತು. ಗದಗ, ಹಾವೇರಿ ಆಗ ಅದೇ ಜಿಲ್ಲೆಯೊಳಗೆ ಇದ್ದವು. ಅದೇ ಕೋರ್ಟಿನ 2006ರ ಉಮಾದೇವಿ ತೀರ್ಪು ಕಾಯಮಾತಿಯ ಆ ಬಾಗಿಲನ್ನು ಬಹುಪಾಲು ಮುಚ್ಚಿತು, ಅದು ಬೇರೆ ಜಗಳ. ಆದರೆ ಅವರೂ ತಲೆಗೆ ಇಷ್ಟು ಅಂತ ತಗೊಂಡು ಎದ್ದಿದ್ದರೆ ವಾದಿಸಲಿಕ್ಕೆ ತೀರ್ಪೇ ಇರುತ್ತಿರಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ರಾಜಿ ಟೇಬಲ್ಲಿನ ಮೇಲೆ ಆಫರು ಇಡುವ ಮೊದಲು, ಕಾನೂನಿನ ಪ್ರಕಾರ ಕನಿಷ್ಠ ಎಷ್ಟು ಬರಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಕೆಲಸಗಾರನ ಮುಂದೆ ಇಡಿ. ಓದಿ ಹೇಳಿ. ಆಮೇಲೆ ಅವನು ಬಿಟ್ಟುಕೊಟ್ಟರೆ ಅದು ಅವನ ಮರ್ಜಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ನೇಮಕಾತಿ ಪತ್ರ ಎಲ್ಲರಿಗೂ ಕೊಡಲೇಬೇಕಂತೆ, ಒಳ್ಳೆಯದು. ಆದರೆ ವಜಾ ಆದವನು ದೂರು ಒಯ್ಯಲು ಇದ್ದ ಮೂರು ವರ್ಷದ ಗಡುವು ಎರಡಕ್ಕೆ ಇಳಿದಿದೆ.

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಬಂದಿದ್ದ, ಶೋರೂಮಿನಿಂದ ತೆಗೆದಿದ್ದಾರೆ, ಐವತ್ತು ಸಾವಿರ ಕೊಡ್ತೀವಿ ಅಂತಾರೆ, ತಗೊಳ್ಲ್ಯಾ ಅಂತ ಕೇಳಿದ. ಕೂಡ್ರು ಅಂದು ಪಗಾರ ಕೇಳಿದೆ, ವರ್ಷ ಕೇಳಿದೆ, ಕ್ಯಾಲ್ಕುಲೇಟರ್ ತೆಗೆದೆ. ಮಾಮಾ ಮೂಲೆಯ ಸ್ಟೂಲಿನ ಮೇಲೆ ಕೂತು ಗಿರ್ಮಿಟ್ ತಿನ್ನುತ್ತಿದ್ದರು. ಹುಡುಗ ಹೋದ ಮೇಲೆ ಪ್ಲೇಟು ಕೆಳಗಿಟ್ಟು ಕೇಳಿದರು, ಸಿಟ್ಟಿನಿಂದಲ್ಲ:

‘ಅಳಿಯಾ, ಈ ಕ್ಯಾಲ್ಕುಲೇಟರ್ ಯಾವಾಗ ತಗೊಂಡಿ?’