ಯಾರು ಓದುತ್ತಾರೆ ಎಂದು ನನ್ನನ್ನು ಕೇಳಬೇಡಿ

ಇವತ್ತು ಬೆಳಿಗ್ಗೆ ಒಬ್ಬ ಅಧಿಕಾರಿ ಫೋನಿನಲ್ಲಿ ಹೇಳಿದ ಮಾತಿಗೆ ಇನ್ನೂ ಮೈ ಉರಿಯುತ್ತಿದೆ. "ಮೇಡಂ, ಇದನ್ನೆಲ್ಲ ಯಾರು ಓದುತ್ತಾರೆ? ಹಳೆಯ ಪುಸ್ತಿಕೆ ಇದೆಯಲ್ಲ, ಅದರಲ್ಲಿರುವುದನ್ನೇ ನಾಲ್ಕು ಸಾಲು ಆಚೀಚೆ ಮಾಡಿ ಕೊಟ್ಟುಬಿಡಿ."

ಗದಗದ ಹತ್ತಿರದ, ಹಳೆಯ ಗುಡಿಗಳ ಊರು ಲಕ್ಕುಂಡಿಯ ಬಗ್ಗೆ ಪ್ರವಾಸಿಗರಿಗೊಂದು ಪುಸ್ತಿಕೆ ಬರೆದುಕೊಡಲು ಒಪ್ಪಿಕೊಂಡಿದ್ದೇನೆ ಎಂಬುದು ನಿಮಗೆಲ್ಲ ಗೊತ್ತು. ಗಡುವು ಮುಗಿದಿದೆ, ಬರಹ ಮುಗಿದಿಲ್ಲ. ಇದು ಸೋಮಾರಿತನವಲ್ಲ. ಉಳಿದ ಪುಟಗಳೆಲ್ಲ ಸಿದ್ಧವಾಗಿ, ಮೊದಲ ಪುಟ ಮಾತ್ರ ನಿಂತಿದೆ.

ಆ ಹಳೆಯ ಪುಸ್ತಿಕೆಯಲ್ಲಿ ಲಕ್ಕುಂಡಿಯ ಗುಡಿಗಳನ್ನೆಲ್ಲ ಹೊಯ್ಸಳರ ಲೆಕ್ಕಕ್ಕೆ ಬರೆದಿದ್ದಾರೆ. ಆದರೆ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ನೆಲೆಯೂರಿದ್ದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ. ಜೈನ ಮಹಾದಾನಿ ಅತ್ತಿಮಬ್ಬೆ ಇಲ್ಲಿ ಕಟ್ಟಿಸಿದ ಬಸದಿ ಬ್ರಹ್ಮಜಿನಾಲಯದ ಶಾಸನ 1007ನೆಯ ಇಸವಿಯದು. ಬಲ್ಲಾಳ ಬರುವ ಹೊತ್ತಿಗೆ ಆ ಬಸದಿಗೆ ಹತ್ತಿರ ಹತ್ತಿರ ಇನ್ನೂರು ವರ್ಷ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡಗಳಲ್ಲಿ ಬಳಪದ ಕಲ್ಲಿನ ಮೇಲೆ ನಡೆದಿರುವ ಆ ಸೂಕ್ಷ್ಮ ಕೆತ್ತನೆ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳ ಕೈಕೆಲಸ. ಇಷ್ಟನ್ನೂ ಗದಗದಿಂದ ಸುಮಾರು 12 ಕಿಲೋಮೀಟರ್ ಬಸ್ಸಿನಲ್ಲಿ ಬಂದಿಳಿದ, ಬಿಸಿಲಲ್ಲಿ ನಿಂತಿರುವ ಒಬ್ಬ ಅಪರಿಚಿತರಿಗೆ ಒಂದೇ ಪುಟದಲ್ಲಿ ಹೇಳಬೇಕು. ಎಲ್ಲ ತುಂಬಿದರೆ ಓದುವವರಿಗೆ ದಣಿವು. ಸಾಲು ಕಡಿದರೆ ಬಲ್ಲಾಳನೇ ಎಲ್ಲವನ್ನೂ ಕಟ್ಟಿಸಿದಂತೆ ಕೇಳಿಸುತ್ತದೆ. ಬರೆಯುತ್ತೇನೆ, ಅಳಿಸುತ್ತೇನೆ, ಮತ್ತೆ ಬರೆಯುತ್ತೇನೆ. ಧಾರವಾಡದಲ್ಲಿ ಶಾಸನ ಸಂಪುಟಗಳ ಮುಂದೆ ಕುಳಿತು ಸರಿಪಡಿಸಿಕೊಂಡ ವಾಕ್ಯ ಮನೆಗೆ ಬಂದು ಗಟ್ಟಿಯಾಗಿ ಓದಿದಾಗ ನಾಲಿಗೆಯಲ್ಲಿ ಹೊರಳುವುದಿಲ್ಲ.

ಇದಕ್ಕೆ ಅಧಿಕಾರಿ ಮಹಾಶಯರು ಕುಮಾರವ್ಯಾಸನನ್ನು ಎಳೆದು ತಂದರು. ಇಟ್ಟ ಪದವನ್ನು ಅಳಿಸದೆ ಬರೆದ ಕವಿ ನಿಮ್ಮ ಗದಗದವನೇ ಅಲ್ಲವೇ ಎಂದರು. ಹೌದು, ನಮ್ಮವನೇ. ಕೋಳಿವಾಡದ ನಾರಣಪ್ಪ, ವೀರನಾರಾಯಣನ ಗುಡಿಯಲ್ಲಿ ಕುಳಿತು ಬರೆದವನು. ಆದರೆ ಅವರು ಅರ್ಧ ಪದ್ಯವನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ. ಅದೇ ಷಟ್ಪದಿಯಲ್ಲಿ, ಅದೇ ಉಸಿರಿನಲ್ಲಿ, ಬೇರೆಯವರ ರೀತಿಯನ್ನು ಎರವಲು ತರದಿರುವುದನ್ನೂ ಅವನು ತನ್ನ ಹಿರಿಮೆ ಎಂದು ಹೇಳಿಕೊಂಡಿದ್ದಾನೆ. ಕುಮಾರವ್ಯಾಸನ ಹೆಸರಿನಲ್ಲಿ ಹಳೆಯ ಪುಸ್ತಿಕೆಯನ್ನು ನಕಲು ಮಾಡಲು ಹೇಳುವುದು ಎಂಥ ನ್ಯಾಯ? ಮೇಲಾಗಿ ಅವನು ಮಹಾಭಾರತದ ಹತ್ತು ಪರ್ವಗಳನ್ನು ಬರೆದು ನಿಲ್ಲಿಸಿದ. ಮುಂದಿನವನ್ನು ವಿಜಯನಗರದ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಹತ್ತಕ್ಕೇ ಏಕೆ ನಿಲ್ಲಿಸಿದೆ ಎಂದು ಗದುಗಿನಲ್ಲಿ ಯಾರೂ ಅವನಿಗೆ ಇಂದಿಗೂ ನೋಟಿಸು ಕೊಟ್ಟಿಲ್ಲ.

ಹಾಗೆಂದು ಕಾಯುವವರ ಕಷ್ಟ ನನಗೆ ತಿಳಿಯದೇ? ಹುಬ್ಬಳ್ಳಿಯ ಮುದ್ರಣಾಲಯದಲ್ಲಿ ಪುಟ ಜೋಡಿಸುವ ಹುಡುಗ "ಅಕ್ಕಾ, ಯಾವಾಗ ಕಳಿಸುತ್ತೀರಿ?" ಎಂದಾಗ ಸಂಕಟವಾಗುತ್ತದೆ. ಅವನ ಕೂಲಿ ಈ ಪುಸ್ತಿಕೆಯ ಮೇಲೆ ನಿಂತಿದೆ. ಆದರೆ ಇದೇ ಕೆಲಸದ ಕಡತ ಮಳೆಗಾಲವೆಲ್ಲ ಅಧಿಕಾರಿಯ ಮೇಜಿನ ಮೇಲೆ ಸಹಿಗಾಗಿ ಬಿದ್ದಿತ್ತು. ಆಗ ಯಾರಿಗೂ ಅವಸರವಿರಲಿಲ್ಲ. ಸಹಿಗೆ ತಿಂಗಳುಗಟ್ಟಲೆ ಕೊಡಬಹುದು, ಒಂದು ನಿಜವಾದ ವಾಕ್ಯಕ್ಕೆ ವಾರ ಕೊಡಬಾರದು!

ಯಾರು ಓದುತ್ತಾರಂತೆ! ಈ ಪುಸ್ತಿಕೆಯ ಅರ್ಧ ಭಾಗ ಅತ್ತಿಮಬ್ಬೆಯದು. ಪೊನ್ನ ಕವಿಯ ಶಾಂತಿಪುರಾಣ ಅಳಿದುಹೋಗಬಾರದೆಂದು ತಾಳೆಗರಿಯಲ್ಲಿ ಸಾವಿರ ಪ್ರತಿ ಬರೆಯಿಸಿ ಹಂಚಿದ ತಾಯಿ ಅವಳು. ಅಚ್ಚುಮೊಳೆ ಇಲ್ಲದ ಕಾಲದಲ್ಲಿ ಪ್ರತಿಯೊಂದು ಅಕ್ಷರವನ್ನೂ ಕೈಯಿಂದ ಕೊರೆಯಬೇಕಿತ್ತು. ಓದುವವರಿದ್ದಾರೆ ಎಂಬ ನಂಬಿಕೆಯಿಲ್ಲದೆ ಯಾರಾದರೂ ಅಂಥ ಕೆಲಸಕ್ಕೆ ಹಣ ಸುರಿಯುತ್ತಾರೆಯೇ? ಅವಳ ಬಸದಿಯನ್ನು ತೋರಿಸುವ ಪುಸ್ತಿಕೆಯನ್ನೇ ಓದುವವರಿಲ್ಲವೆಂದು ಹೇಗೋ ಮುಗಿಸಿ ಎಂದರೆ ನನಗೆ ಸಹಿಸಲಾಗುವುದಿಲ್ಲ.

ನನಗೆ ಭಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದಾಗ ಇಂಥ ಪುಸ್ತಿಕೆಯಿಂದಲೇ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಾರೆ. ತಪ್ಪು ಅಚ್ಚಾದ ಮೇಲೆ ಆ ಚೀಲಗಳನ್ನೆಲ್ಲ ಬಿಚ್ಚಿಸಿ ತಿದ್ದಲು ನನ್ನಿಂದಾಗದು. ಅದನ್ನು ನೆನೆದರೆ ನಡುರಾತ್ರಿ ಎಚ್ಚರವಾಗುತ್ತದೆ. ದೀಪ ಹಾಕಿ ಮತ್ತೆ ಅದೇ ಪುಟ ತೆರೆಯುತ್ತೇನೆ.

ಈಗ ನನಗೆ ಇಬ್ಬರ ಸಹಾಯ ಬೇಕು. ಒಬ್ಬರು ಚಾಲುಕ್ಯರ ಇತಿಹಾಸ ಬಲ್ಲವರು, ಇನ್ನೊಬ್ಬರು ಲಕ್ಕುಂಡಿಯ ಹೆಸರನ್ನೇ ಕೇಳದವರು. ಮೊದಲನೆಯವರು ತಪ್ಪಿದ್ದರೆ ಹಿಡಿಯಲಿ. ಎರಡನೆಯವರು ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಗೆರೆ ಎಳೆಯಲಿ. ಇನ್‌ಬಾಕ್ಸಿಗೆ ಬನ್ನಿ, ಮೊದಲ ಪುಟವನ್ನು ಇಂದೇ ಕಳಿಸುತ್ತೇನೆ.