ಸಲಿಕೆ ಮೊದಲು, ಉಪ್ಪು ಆಮೇಲೆ

ಟೊರೊಂಟೊ ಸುತ್ತಮುತ್ತ ಚಳಿಗಾಲದಲ್ಲಿ ಐಸ್ ಕರಗಲಿ ಅಂತ ಫುಟ್‌ಪಾತ್ ಮೇಲೆ ಸುರಿಯುವ ಉಪ್ಪು ನೋಡಿದರೆ ನನಗೆ ಸಂಕಟವಾಗುತ್ತದೆ. ಸ್ನೋ ಬೀಳುವ ಸುದ್ದಿ ಬಂದರೆ ಸಾಕು, ಅಂಗಡಿ ಸಾಲಿನ ಮುಂದೆ ಗುತ್ತಿಗೆಯವರ ಗಾಡಿ ಬಂದು ಸುರಿದು ಹೋಗುತ್ತದೆ. ಒಂದೊಂದು ಕಡೆ ಹರಳು ಎಷ್ಟು ದಪ್ಪಗೆ ಬಿದ್ದಿರುತ್ತದೆ ಅಂದರೆ, ಕಾಲಿಟ್ಟರೆ ಹರಳಿನ ಮೇಲೇ ಜಾರುತ್ತೇವೆ.

ಉಪ್ಪು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಊರಿಂದ ಬಂದ ಅಪ್ಪ ಅಮ್ಮ ಜನವರಿಯಲ್ಲಿ ಬಸ್‌ಸ್ಟಾಪಿನ ತನಕ ನಡೆಯುವಾಗ ಎದೆ ಢವಢವ ಅನ್ನುತ್ತದೆ. ಹಗಲು ಕರಗಿದ ನೀರು ರಾತ್ರಿ ಗಟ್ಟಿಯಾಗಿ, ಬೆಳಿಗ್ಗೆ ಕಣ್ಣಿಗೇ ಕಾಣದ ಗಾಜಿನ ಹಾಳೆಯ ಹಾಗೆ ಮಲಗಿರುತ್ತದೆ. ಅಲ್ಲಿ ಒಂದು ಹಿಡಿ ಉಪ್ಪು ಸೊಂಟದ ಮೂಳೆ ಉಳಿಸುತ್ತದೆ. ನನ್ನ ತಕರಾರು ಇರುವುದು ಹಿಡಿ ಹಾಕುವ ಕಡೆ ಬಕೆಟ್ ಸುರಿಯುವುದರ ಬಗ್ಗೆ.

ಇಲ್ಲಿಗೆ ಬರುವ ಮೊದಲು ನಾನು ಬರ್ಲಿನ್‌ನಲ್ಲಿದ್ದೆ. ಅಲ್ಲಿ ಮನೆಯವರು ಫುಟ್‌ಪಾತಿಗೆ ಉಪ್ಪು ಹಾಕುವಂತಿಲ್ಲ, ಹಾಕಿದರೆ ದಂಡ. ಮನೆ ಮುಂದಿನ ಸ್ನೋ ತೆಗೆಸುವ ಹೊಣೆ ಕಟ್ಟಡದ ಮಾಲೀಕರದ್ದು. ರಾತ್ರಿ ಬಿದ್ದಿದ್ದರೆ ಕೆಲಸದ ದಿನಗಳಲ್ಲಿ ಬೆಳಿಗ್ಗೆ 7ಕ್ಕೆಲ್ಲ ದಾರಿ ಆಗಿರಬೇಕು. ಮೊದಲು ಸಲಿಕೆ, ಆಮೇಲೆ ಸಣ್ಣ ಜಲ್ಲಿ ಪುಡಿ. ಅದು ಐಸ್ ಕರಗಿಸುವುದಿಲ್ಲ, ಹಿಡಿತ ಕೊಡುತ್ತದೆ ಅಷ್ಟೇ. ಬೂಟಿನ ಅಡಿ ಕರಕರ ಅನ್ನುತ್ತದೆ, ಮನೆಯೊಳಗೆ ಬಂದು ಮರದ ನೆಲ ಗೀಚುತ್ತದೆ. ಹೊಸ ಸ್ನೋ ಬಿದ್ದರೆ ಮುಚ್ಚಿಹೋಗುತ್ತದೆ, ಮತ್ತೆ ಹಾಕಬೇಕು. ತಾಪತ್ರಯ ಇದ್ದೇ ಇದೆ. ಆದರೆ ಚಳಿಗಾಲ ಮುಗಿದ ಮೇಲೆ ಗುಡಿಸಿ ತೆಗೆಯಬಹುದು. ಕರಗಿ ಹೋದ ಉಪ್ಪನ್ನು ಯಾರು ಗುಡಿಸುತ್ತಾರೆ?

ಬರ್ಲಿನ್‌ನವರು ಹೀಗೆ ಹಟ ಹಿಡಿದಿದ್ದಕ್ಕೆ ದೊಡ್ಡ ಕಾರಣ ಬೀದಿಬದಿಯ ಮರಗಳು. ಬೇರಿಗೆ ಉಪ್ಪು ಇಳಿದರೆ ಬೇಸಿಗೆಯಲ್ಲೇ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಇದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಕುಮಟಾ ಕಡೆಯವನು. ಅಘನಾಶಿನಿ ಸಮುದ್ರ ಸೇರುವಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಾಳುವ ತಳಿ ಅದು. ಅಲ್ಲೇ ಹತ್ತಿರದ ಸಾಣಿಕಟ್ಟದಲ್ಲಿ ಉಪ್ಪಿನ ಆಗರಗಳಿವೆ. ಉಪ್ಪು ಬೆಳೆಯುವ ಜನಕ್ಕೆ ಅದು ಎಲ್ಲಿರಬೇಕು, ಎಲ್ಲಿರಬಾರದು ಅಂತ ಚೆನ್ನಾಗಿ ಗೊತ್ತು.

ಕೆನಡಾಕ್ಕೂ ಗೊತ್ತಿಲ್ಲದೆ ಇಲ್ಲ. ರಸ್ತೆ ಉಪ್ಪು ಪರಿಸರಕ್ಕೆ ಹಾನಿ ಅಂತ ಇಲ್ಲಿನ ಸರ್ಕಾರದ ಪರಿಶೀಲನೆಯೇ 2001ರಲ್ಲಿ ಹೇಳಿತು. ಆದರೆ ಉಪ್ಪು ಇಲ್ಲಿ ಕೈಗೆಟಕುವಷ್ಟು ಹತ್ತಿರ. ಟೊರೊಂಟೊ ಇರುವ ಒಂಟಾರಿಯೋ ಪ್ರಾಂತ್ಯದ ಗಾಡ್ರಿಚ್‌ನಲ್ಲಿ, ಹ್ಯೂರಾನ್ ಸರೋವರದ ತಳದಡಿಯಲ್ಲಿ, ಜಗತ್ತಿನ ಅತಿ ದೊಡ್ಡ ಭೂಗತ ಉಪ್ಪಿನ ಗಣಿಯೇ ಇದೆ. ಜೊತೆಗೆ ಕೋರ್ಟಿನ ಭಯ. ಯಾರಾದರೂ ಜಾರಿಬಿದ್ದು ಕೇಸು ಹಾಕಿದರೆ ಅಂತ ಗುತ್ತಿಗೆಯವರು ಕಣ್ಮುಚ್ಚಿ ಸುರಿಯುತ್ತಾರೆ. ನಾನಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಒಣಗಿದ ಮೆಟ್ಟಿಲ ಮೇಲೂ ದಿನಾ ಉಪ್ಪು ಬೀಳುತ್ತಿತ್ತು. ಕೇಳಿದರೆ, "ಹಾಕಿದ್ದೇವೆ ಅಂತ ಕಾಣಬೇಕಲ್ಲ" ಅಂದರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಇದಕ್ಕೊಂದು ದಾರಿ ಮಾಡಿದೆ. ಹದವಾಗಿ ಉಪ್ಪು ಹಾಕುವ ತರಬೇತಿ ಪಡೆದು, ಪ್ರಮಾಣಪತ್ರ ತೆಗೆದುಕೊಂಡು, ಅದರಂತೆ ನಡೆದ ಗುತ್ತಿಗೆಯವರಿಗೆ ಇಂಥ ಕೇಸುಗಳಿಂದ ಕಾನೂನಿನ ರಕ್ಷಣೆ ಇದೆ. ಒಂಟಾರಿಯೋಗೂ ಇದು ಬೇಕು. ಭಯ ಹೋಗದೆ ಬಕೆಟ್ ಚಿಕ್ಕದಾಗುವುದಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ಮೈನಸ್ 10 ಡಿಗ್ರಿಗಿಂತ ಕೆಳಗೆ ಹೋದರೆ ಮಾಮೂಲಿ ಉಪ್ಪು ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ. ಮೈನಸ್ 15ರ ರಾತ್ರಿ ಎರಡು ಪಟ್ಟು ಹಾಕಿದರೂ ಐಸ್ ಹಾಗೇ ಕೂತಿರುತ್ತದೆ. ಆಗ ಮರಳೇ ಗತಿ. ಹಾಕಿದ ಉಪ್ಪು ಮಾತ್ರ ಎಲ್ಲೂ ಮಾಯವಾಗುವುದಿಲ್ಲ. ಮಳೆನೀರಿನ ಚರಂಡಿಗೆ ಇಳಿದು, ಶುದ್ಧೀಕರಣವಿಲ್ಲದೆ ಹಳ್ಳ ಸೇರಿ, ಒಂಟಾರಿಯೋ ಸರೋವರಕ್ಕೆ ಹೋಗುತ್ತದೆ. ನಾವು ಕುಡಿಯುವುದೂ ಅದೇ ಸರೋವರದ ನೀರು, ಅಲ್ವಾ? ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ನೀರು ಕೆಡಿಸುತ್ತದೆ ಅಂತ ಅಮೆರಿಕದ ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಲೆಕ್ಕ ಕೊಟ್ಟಿದೆ. ಮನೆ ಮುಂದೆ ಕಾರು ಬರುವ 20 ಅಡಿಯ ಡ್ರೈವ್‌ವೇಗೆ ಒಂದು ಕಾಫಿ ಮಗ್ ಉಪ್ಪು ಸಾಕು ಅಂತಲೂ ಅದೇ ಸಂಸ್ಥೆ ಹೇಳುತ್ತದೆ.

ಇಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ನನ್ನದೊಂದು ಕೋರಿಕೆ. ಸ್ನೋ ಮೆತ್ತಗಿರುವಾಗಲೇ, ಜನ ತುಳಿದು ಗಟ್ಟಿಯಾಗುವ ಮೊದಲೇ, ಸಲಿಕೆ ಹಿಡಿಯಿರಿ. ಆಮೇಲೂ ಐಸ್ ಉಳಿದ ಜಾಗಕ್ಕಷ್ಟೇ ಹರಳು ಬಿಡಿಬಿಡಿಯಾಗಿ ಬೀಳುವಂತೆ ಎರಚಿ. ನೆಲ ಒಣಗಿದ ಮೇಲೆ ಮಿಕ್ಕ ಹರಳನ್ನು ಗುಡಿಸಿ ಡಬ್ಬಕ್ಕೆ ಹಾಕಿಡಿ, ಮುಂದಿನ ಸಲಕ್ಕೆ ಆಗುತ್ತದೆ.