ಹತ್ತು ರೂಪಾಯಿಗೆ 42 ಮೆಸೇಜು

ಪುಣೆಯ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನಿನ್ನೆ ರಾತ್ರಿ 42 ಮೆಸೇಜು. ಲಿಫ್ಟ್ ನಾಲ್ಕು ದಿನ ಕೆಟ್ಟು ನಿಂತಾಗಲೂ ಇಷ್ಟು ಬಂದಿರಲಿಲ್ಲ. ವಿಷಯ ಇಷ್ಟೇ: ಕಸ ಒಯ್ಯುವಾಕೆಗೆ ಮನೆಗೆ ತಿಂಗಳಿಗೆ ಹತ್ತು ರೂಪಾಯಿ ಜಾಸ್ತಿ ಕೊಡಬೇಕೋ ಬೇಡವೋ.

ಬೇಡ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದ ಮಹಾನುಭಾವರೇ ಹೋದ ವಾರ ಒಂದು ಫೋಟೋ ಹಾಕಿ ಕೈಮುಗಿದಿದ್ದರು. ಪಕ್ಕದ ಪಿಂಪ್ರಿ-ಚಿಂಚವಡ ಪಾಲಿಕೆ 2022ರಲ್ಲಿ ತೃತೀಯಲಿಂಗಿಗಳನ್ನು ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ ತಗೊಂಡಿತಲ್ಲ, ಆ ಫೋಟೋ. ಒಳ್ಳೆಯ ಕೆಲಸವೇ, ನಾನೂ ಲೈಕ್ ಒತ್ತಿದ್ದೆ. ಪಾಲಿಕೆ ಬಡವರಿಗೆ ಕೆಲಸ ಕೊಟ್ಟರೆ ನಮಗೆ ಖುಷಿ. ಆ ಕೆಲಸದ ಪಗಾರ ನಮ್ಮ ಬಾಗಿಲಿಗೆ ಬಂದು ಕೈ ಒಡ್ಡಿದರೆ ಮಾತ್ರ ಹೊಟ್ಟೆ ಉರಿ.

ಪುಣೆಯಲ್ಲಿ ಕಸ ಆರಿಸುವ ಹೆಣ್ಣುಮಕ್ಕಳು 1993ರಲ್ಲೇ ಸಂಘಟನೆ ಕಟ್ಟಿಕೊಂಡರು, ಹೆಚ್ಚಿನವರು ದಲಿತರು. ಆಮೇಲೆ ಅವರದೇ ಸಹಕಾರ ಸಂಘ 'ಸ್ವಚ್ಛ್' ಬಂತು. 2008ರಲ್ಲಿ ಪುಣೆ ಪಾಲಿಕೆ ಅದರ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆ ಕಸ ಎತ್ತುವ ಕೆಲಸ ಕೊಟ್ಟಿತು. ಇವತ್ತು ಅದರಲ್ಲಿ 3000ಕ್ಕೂ ಹೆಚ್ಚು ಜನ ಇದ್ದಾರೆ. ಗುತ್ತಿಗೆದಾರ ಅಂತ ನಡುವೆ ಯಾರೂ ಇಲ್ಲ, ಸಂಘದ ಒಡೆಯರು ಅವರೇ. ತಿಪ್ಪೆಯಲ್ಲಿ ಕೈ ಹಾಕುತ್ತಿದ್ದವರು ಬೆಲ್ ಒತ್ತಿ ಕಸ ಕೇಳುವಂತಾದರು. ಆದರೆ ಅವರಿಗೆ ತಿಂಗಳ ಸಂಬಳ ಅಂತ ಇಲ್ಲ. ಮನೆಗಳು ಕೊಡುವ ಶುಲ್ಕ, ಒಣ ಕಸದಿಂದ ಹೆಕ್ಕಿ ಮಾರಿದ ಗುಜರಿಯ ದುಡ್ಡು, ಇದೇ ಮುಖ್ಯ ಗಳಿಕೆ. ಆ ಶುಲ್ಕಕ್ಕೇ ನಾವು ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡಿದ ಹಾಗೆ ಮಾಡುತ್ತೇವೆ.

"ಟ್ಯಾಕ್ಸ್ ಕಟ್ತೀವಲ್ಲ, ಮತ್ತೆ ಇದೇನು?" ಇದು ಬೇಡ ಅನ್ನುವವರ ಬ್ರಹ್ಮಾಸ್ತ್ರ. ಕಸ ಮಾಡುವವನೇ ಬಳಕೆದಾರ ಶುಲ್ಕ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬಂದಿತ್ತು ಸ್ವಾಮಿ. ಪಾಲಿಕೆಯೇ ಸಂಬಳ, ಪಿಎಫ್ ಕೊಡಲಿ ಅಂತ ವಾದಿಸಿದರೆ ನಾನೂ ಸಹಿ ಹಾಕ್ತೀನಿ. ಇವರು ಅದನ್ನೇನು ಅವಳ ಸಲುವಾಗಿ ಹೇಳ್ತಿದ್ದಾರಾ? ಹತ್ತು ರೂಪಾಯಿ ಉಳಿಸೋಕೆ!

ನಾನೇನು ಸಾಚಾ ಅಲ್ಲ. ಎರಡು ವರ್ಷ ಅವಳ ಹೆಸರು ಕೇಳಿರಲಿಲ್ಲ. ಒಂದು ದೀಪಾವಳಿಗೆ ಹಳೇ ಸೀರೆ ಕೊಟ್ಟು, ಆ ತಿಂಗಳ ದುಡ್ಡು ಮರೆತವಳು ನಾನೇ. ಮರೆತೆ ಅನ್ನೋದೂ ಸುಳ್ಳು, ಸೀರೆ ಕೊಟ್ಟೆನಲ್ಲ ಅಂತ ಒಳಗೇ ಲೆಕ್ಕ ಹಾಕಿಕೊಂಡಿದ್ದೆ. ಒಂದು ದಿನ ಅವಳು ಗೇಟಿನ ಹತ್ತಿರ ನಾಯಿಯನ್ನು "ಹೋಗಲೇ, ನಿನ್ನ ಬಾಯಾಗ ಮಣ್ಣ ಹಾಕ್ಲಿ" ಅಂತ ಬೈದಾಗ ಗೊತ್ತಾಯಿತು, ನಮ್ಮ ಅಫಜಲಪುರದ ಕಡೆಯವಳು. ಕಟ್ಟಡ ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದಳಂತೆ. ಅವಳ ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಮೀಸಲಾತಿಗೆ ನಡೆಯೋದಿಲ್ಲ. ಸರ್ಕಾರಿ ಹುದ್ದೆ, ನೇಮಕಾತಿ, ಆಯ್ಕೆ ಪಟ್ಟಿ ಇದೆಲ್ಲ ಅವಳ ಪಾಲಿಗೆ ದೂರದ ಮಾತು. ಕೈಗೆ ಸಿಕ್ಕಿದ್ದು ಈ ತಳ್ಳುಗಾಡಿ, ನಮ್ಮ ಬಾಗಿಲು. (ಹೆಸರು ಈಗ ಗೊತ್ತು. ಇಲ್ಲಿ ಹಾಕಲ್ಲ, ಅವಳನ್ನು ಕೇಳಿಲ್ಲ.)

ಬೆಳಿಗ್ಗೆ ಬಂದಾಗ ಹೆಚ್ಚಿನ ಹತ್ತು ಸೇರಿಸಿ ಕೊಟ್ಟು, ಗ್ರೂಪಿನ ಜಗಳ ಹೇಳಿದೆ. ನಕ್ಕಳು.

"ಅದಿರ್ಲಿ ಬಿಡ್ರಿ ಅಕ್ಕಾರ. ಮೂರನೇ ಮಜಲಿನವ್ರು ಒಡದ ಗ್ಲಾಸು ಮತ್ತ ಹಸಿ ಕಸದಾಗ ಹಾಕ್ಯಾರ. ನಿನ್ನೆ ಕೈ ಕೊಯ್ಕೊಂಡೀನಿ. ಪ್ಯಾಡು ಸೈತ ಹಾಂಗs ಒಗೀತಾರ, ಪೇಪರಿನ್ಯಾಗ ಸುತ್ತಿ ಗುರುತಿಗೆ ಒಂದು ಕೆಂಪು ಚುಕ್ಕಿ ಇಡಾಕ ಏನು ರೊಕ್ಕ ಬೀಳ್ತದ? ಅದನ್ನ ಹೇಳ್ರಿ ಗ್ರೂಪಿನಾಗ."

ಹಾಕಿದೆ. 43ನೇ ಮೆಸೇಜು. ಮಧ್ಯಾಹ್ನ ಆಯಿತು, ಎಲ್ಲರೂ ಓದಿದ್ದಾರೆ, ಒಬ್ಬರದೂ ಉತ್ತರ ಇಲ್ಲ.